ನಾಲ್ಕಕ್ಕೆ ನಾಲ್ಕು

(ಪದವಿ ಕಾಲೇಜೊಂದರ ವಾರ್ಷಿಕ ಕ್ರೀಡಾ ಸಮಾರಂಭದಲ್ಲಿ ನೀಡಿದ ಉಪನ್ಯಾಸವನ್ನು ಸ್ವಲ್ಪ ತಿದ್ದಿ, ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಮಾತುಗಳನ್ನು ಸೇರಿಸಿ ಬರಹಕ್ಕಿಳಿಸಿದ್ದು.)

ಪ್ರಾಂಶುಪಾಲರೇ, ದೈಹಿಕ ಶಿಕ್ಷಣ ನಿರ್ದೇಶಕರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಈ ಸಭಾಂಗಣಕ್ಕೆ ಬರುವ ಮೊದಲು ಕಚೇರಿಯ ಪಕ್ಕದ ನೋಟೀಸ್ ಬೋರ್ಡಿನ ಮುಂದೆ ಐದು ನಿಮಿಷ ನಿಂತಿದ್ದೆ. ಎಡಗಡೆಗೆ ವಿಶ್ವವಿದ್ಯಾಲಯದ ತಂಡಗಳಿಗೆ ಆಯ್ಕೆಯಾದವರ ಪಟ್ಟಿಯಿದೆ. ಅದರ ನೆತ್ತಿಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಅಭಿನಂದನೆಗಳು’ ಎಂದು ಬರೆದಿದ್ದಾರೆ. ಬಲಗಡೆಗೆ ಹಾಜರಾತಿ ಶೇ 75ಕ್ಕಿಂತ ಕಡಿಮೆ ಇರುವವರ ಪಟ್ಟಿಯಿದೆ. ಪೋಷಕರನ್ನು ಕರೆತರಬೇಕು ಎಂಬ ಸೂಚನೆ ಅದರ ಕೆಳಗಿದೆ. ಎರಡು ಹೆಸರುಗಳು ಎರಡೂ ಪಟ್ಟಿಗಳಲ್ಲಿದ್ದವು. ಎರಡೂ ಹಾಳೆಗಳ ಕೊನೆಯಲ್ಲಿ ಸಹಿ ಒಬ್ಬರದೇ ಆಗಿತ್ತು. ಪ್ರಾಂಶುಪಾಲರು ಇಲ್ಲೇ ಕುಳಿತು ನಗುತ್ತಿದ್ದಾರೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಇದು ಈ ಕಾಲೇಜಿನ ಲೋಪವೇನೂ ಅಲ್ಲ. ನಾನು ಕಂಡ ಕಾಲೇಜುಗಳಲ್ಲೆಲ್ಲ ಆ ಎರಡು ಹಾಳೆಗಳು ಒಂದರ ಪಕ್ಕ ಒಂದು ಹೀಗೆಯೇ ತೂಗಾಡುತ್ತಿದ್ದವು.

ಇಂದು ನಾನು ಮಾತನಾಡಬೇಕೆಂದುಕೊಂಡಿರುವುದು ಒಬ್ಬ ಆಟಗಾರ್ತಿಯ ಬಗ್ಗೆ. ಅವರ ಹೆಸರು ಸಾರಾ ಪವಾನ್. ಕೆನಡಾದ ಆಂಟೇರಿಯೊ ಪ್ರಾಂತ್ಯದ ಕಿಚನರ್ ಎಂಬ ಊರಿನಲ್ಲಿ 1986ರಲ್ಲಿ ಹುಟ್ಟಿದವರು. 2004ರಿಂದ 2007ರವರೆಗೆ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ವಾಲಿಬಾಲ್ ತಂಡಕ್ಕೆ ಆಡಿದರು, ಆಡಿದ ನಾಲ್ಕೂ ವರ್ಷ ಆ ದೇಶದ ಕಾಲೇಜು ಆಟಗಾರ್ತಿಯರ ಮೊದಲ ಸಾಲಿನ ಪಟ್ಟಿಯಲ್ಲಿ ಅವರ ಹೆಸರಿತ್ತು, 2006ರಲ್ಲಿ ರಾಷ್ಟ್ರದ ಅತ್ಯುತ್ತಮ ಕಾಲೇಜು ಆಟಗಾರ್ತಿ ಎನಿಸಿಕೊಂಡರು. ಅದೇ ನಾಲ್ಕು ವರ್ಷಗಳಲ್ಲಿ ಬಯೋಕೆಮಿಸ್ಟ್ರಿ ಓದಿ, ನಾಲ್ಕಕ್ಕೆ ನಾಲ್ಕು ಸರಾಸರಿಯೊಂದಿಗೆ ಪದವಿ ಪಡೆದರು. ಇಪ್ಪತ್ತಾರು ವರ್ಷ ಬಯೋಕೆಮಿಸ್ಟ್ರಿ ಪಾಠ ಹೇಳಿದವನಾಗಿ, ಅದಕ್ಕೂ ಮೊದಲು ಕಾಲೇಜು ವಾಲಿಬಾಲ್ ತಂಡದಲ್ಲಿ ಲಿಫ್ಟರ್ ಆಗಿ, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವನಾಗಿ, ಸುಮಾರಾಗಿ ಆಡಿದವನಾಗಿ, ಈ ಎರಡು ವಾಕ್ಯಗಳನ್ನು ಒಂದೇ ವ್ಯಕ್ತಿಯ ಬಗ್ಗೆ ಮೊದಲ ಸಲ ಓದಿದಾಗ ನನಗೆ ಬೆರಗಿಗಿಂತ ಹೆಚ್ಚಾಗಿ ಅನುಮಾನವೇ ಬಂದಿತ್ತು. ಎರಡರಲ್ಲಿ ಒಂದನ್ನು ಯಾರೋ ಉಬ್ಬಿಸಿ ಬರೆದಿರಬೇಕು ಅಂದುಕೊಂಡೆ. ಹಾಗಿರಲಿಲ್ಲ.

ಮೊದಲು ಆಟದ ಮಾತು. ಪವಾನ್ ಅವರ ಎತ್ತರ 1.96 ಮೀಟರ್. ಮಹಿಳೆಯರ ವಾಲಿಬಾಲ್ ನೆಟ್ ಇರುವುದು 2.24 ಮೀಟರ್ ಎತ್ತರದಲ್ಲಿ. ಅಂದರೆ ಸುಮ್ಮನೆ ನಿಂತಿದ್ದಾಗಲೇ ನೆಟ್‌ನ ಅಂಚು ಅವರ ತಲೆಯಿಂದ ಒಂದು ಗೇಣಿಗಿಂತ ತುಸು ಮೇಲಿರುತ್ತದೆ, ಅಷ್ಟೆ. ಎತ್ತರವೊಂದೇ ಸಾಲುವುದಿಲ್ಲ ಎಂದು ನಿಮ್ಮ ಪಿ.ಟಿ. ಮಾಸ್ತರು ಹೇಳಿಯೇ ಇರುತ್ತಾರೆ. ಪವಾನ್ ಅವರಿಗೆ ಇನ್ನೊಂದು ಅನುಕೂಲವಿತ್ತು: ಅವರು ಎಡಚರು.

ಎಡಗೈ ಆಟಗಾರರನ್ನು ಅಂಕಣದ ಬಲತುದಿಯಲ್ಲಿ ನಿಲ್ಲಿಸುವುದು ಏಕೆ ಎಂದು ಆಡುವವರಿಗೆ ಗೊತ್ತು, ನೋಡುವವರಿಗೆ ಗೊತ್ತಿರಲಿಕ್ಕಿಲ್ಲ. ಲಿಫ್ಟರ್ ನೆಟ್‌ನ ನಡುವಿಗಿಂತ ಕೊಂಚ ಬಲಕ್ಕೆ ನಿಂತಿರುತ್ತಾರೆ. ಅವರೆತ್ತಿದ ಚೆಂಡು ಎಡತುದಿಯ ಸ್ಮ್ಯಾಶರ್‌ಗೆ ಬಲಗಡೆಯಿಂದ ಬರುತ್ತದೆ. ಬಲಗೈಯವರಿಗೆ ಅದು ನೇರವಾಗಿ ಹೊಡೆಯುವ ಭುಜದ ಮುಂದೆ ಬಂದು ಸಿಗುತ್ತದೆ. ಬಲತುದಿಯವರಿಗೆ ಬರುವ ಚೆಂಡು ಎಡಗಡೆಯಿಂದ ಬರುತ್ತದೆ; ಬಲಗೈಯವರಾದರೆ ಅದು ಮುಖದ ಮುಂದೆ ಹಾಯ್ದು, ಎದೆಯನ್ನು ದಾಟಿ, ಆಮೇಲೆ ಕೈಗೆ ಸಿಗಬೇಕು. ಎಡಚರಿಗೆ ಆ ದಾಟುವ ಕೆಲಸವಿಲ್ಲ. ಚೆಂಡು ಬರುತ್ತಿದ್ದಂತೆಯೇ ಭುಜ ತಯಾರಾಗಿರುತ್ತದೆ. ಉಳಿಯುವುದು ಕಣ್ಣೆವೆ ಮಿಟುಕಿಸುವಷ್ಟು ಹೊತ್ತು. ಆದರೆ ನೆಟ್ ಮೇಲೆ ಕೈಚಾಚಿ ಹೊಡೆತ ತಡೆಯುವ ಎದುರಿನ ಬ್ಲಾಕರ್‌ಗೆ ಬೇಕಾಗಿದ್ದುದೂ ಅಷ್ಟೇ ಹೊತ್ತು. ಜೊತೆಗೆ, ದಿನವಿಡೀ ಬಲಗೈ ಹೊಡೆತಗಳನ್ನೇ ನೋಡಿ ಅಭ್ಯಾಸವಾದ ಎದುರಾಳಿಗಳ ಕೈಗೆ ಎಡಗೈಯಿಂದ ಬಂದ ಚೆಂಡಿನ ತಿರುಗು ಅಪರಿಚಿತ. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಎಡಚ ಸ್ಮ್ಯಾಶರ್ ಒಬ್ಬ ಸಿಕ್ಕರೆ ಸಂಘಟಕರು ಊಟ, ಬಸ್ ಚಾರ್ಜು ಕೊಟ್ಟು ಕರೆಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.

ಇಂಥ ಆಟಗಾರ್ತಿ ನೆಬ್ರಾಸ್ಕಾಕ್ಕೆ ಹೋದದ್ದಕ್ಕೂ ಅರ್ಥವಿದೆ. ಸುಮಾರು ಇಪ್ಪತ್ತು ಲಕ್ಷ ಜನಸಂಖ್ಯೆಯ, ಜೋಳ ಮತ್ತು ದನಗಳ ರಾಜ್ಯ ಅದು. ಅಲ್ಲಿ ದೊಡ್ಡ ವೃತ್ತಿಪರ ತಂಡಗಳಿಲ್ಲ; ಇಡೀ ರಾಜ್ಯದ ಅಭಿಮಾನ ಲಿಂಕನ್ ನಗರದ ವಿಶ್ವವಿದ್ಯಾಲಯದ ತಂಡಗಳ ಮೇಲೆ ಹರಿಯುತ್ತದೆ. ಮಹಿಳಾ ವಾಲಿಬಾಲ್ ಪಂದ್ಯಗಳ ಟಿಕೆಟ್‌ಗಳು 2001ರಿಂದ ಈಚೆಗೆ ಒಂದು ಪಂದ್ಯಕ್ಕೂ ಉಳಿದಿಲ್ಲ. 2023ರ ಆಗಸ್ಟ್ 30ರಂದು ಅಲ್ಲಿನ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ವಾಲಿಬಾಲ್ ಅಂಕಣ ಹಾಸಿ ಆಡಿಸಿದಾಗ ಸೇರಿದ್ದವರು 92,003 ಮಂದಿ. ಕಾಲೇಜು ಹುಡುಗಿಯರ ವಾಲಿಬಾಲ್ ನೋಡಲು! ಇದರ ಹಿಂದೆ ಒಂದು ಕಾನೂನಿದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದು ಎಂದು 1972ರಲ್ಲಿ ಅಮೆರಿಕದಲ್ಲಿ ಬಂದ ಶಾಸನದ ಒಂಬತ್ತನೇ ಪ್ರಕರಣದಿಂದಾಗಿ ಕಾಲೇಜುಗಳು ಹುಡುಗಿಯರ ಆಟಗಳಿಗೂ ವಿದ್ಯಾರ್ಥಿವೇತನ, ತರಬೇತುದಾರರು, ಅಂಕಣಗಳನ್ನು ಕೊಡಲೇಬೇಕಾಯಿತು. ಹಾಗೆ ಕೊಟ್ಟ ಆಟಗಳಲ್ಲಿ ವಾಲಿಬಾಲ್ ಮುಖ್ಯವಾದುದು. ಅಭಿಮಾನ ಬೆಳೆದದ್ದು ಅನಂತರ.

ಅದೇ ಲಿಂಕನ್ನಿನಲ್ಲಿ ಬಯೋಕೆಮಿಸ್ಟ್ರಿ ವಿಭಾಗವಿರುವ ಕಟ್ಟಡಕ್ಕೆ ಜಾರ್ಜ್ ಬೀಡಲ್ ಅವರ ಹೆಸರಿದೆ. ನನ್ನ ವಿಷಯದ ಮೋಹದಿಂದ ಒಂದು ನಿಮಿಷ ಇಲ್ಲಿ ನಿಲ್ಲುತ್ತೇನೆ, ಕ್ಷಮಿಸಿ. ಬೀಡಲ್ ಆ ಊರಿನ ಹತ್ತಿರದ ವಾಹೂ ಎಂಬಲ್ಲಿ 1903ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಶಾಲೆಯ ಶಿಕ್ಷಕಿಯೊಬ್ಬರು ಒತ್ತಾಯಿಸದೇ ಹೋಗಿದ್ದರೆ ಹೊಲದಲ್ಲೇ ಉಳಿಯುತ್ತಿದ್ದರು. ಎಡ್ವರ್ಡ್ ಟೇಟಮ್ ಅವರ ಜೊತೆಗೂಡಿ, ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನಲ್ಲಿ ಪ್ರಯೋಗ ಮಾಡಿ, ಒಂದೊಂದು ಜೀನ್ ಒಂದೊಂದು ಕಿಣ್ವದ ಹೊಣೆ ಹೊತ್ತಿರುತ್ತದೆ ಎಂದು ತೋರಿಸಿಕೊಟ್ಟು 1958ರಲ್ಲಿ ನೊಬೆಲ್ ಪಡೆದರು. ಪವಾನ್ ಅವರ ಓದು ಆ ವಿಭಾಗದಲ್ಲಿ.

ಇನ್ನು ನಾಲ್ಕಕ್ಕೆ ನಾಲ್ಕು ಅಂದರೇನು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾವು ಶೇಕಡಾ ಲೆಕ್ಕದವರು. ನಮ್ಮಲ್ಲಿ ಒಂದು ಪತ್ರಿಕೆಯಲ್ಲಿ 70 ಬಂದರೂ ಇನ್ನೊಂದರಲ್ಲಿ 98 ತೆಗೆದು ಸರಿದೂಗಿಸಬಹುದು. ಅಮೆರಿಕದ ಪದ್ಧತಿಯಲ್ಲಿ ‘ಎ’ ಶ್ರೇಣಿಗೆ ನಾಲ್ಕು ಅಂಕ, ಅದಕ್ಕಿಂತ ಮೇಲೆ ಏನೂ ಇಲ್ಲ. ಒಂದೇ ಒಂದು ಸೆಮಿಸ್ಟರಿನ ಒಂದೇ ಒಂದು ವಿಷಯದಲ್ಲಿ ‘ಬಿ’ ಬಂದರೆ ಸರಾಸರಿ ನಾಲ್ಕರಿಂದ ಕೆಳಗಿಳಿಯುತ್ತದೆ, ಮತ್ತೆ ಎಷ್ಟು ‘ಎ’ ತೆಗೆದರೂ ಆ ನಾಲ್ಕು ವಾಪಸು ಬರುವುದಿಲ್ಲ. ಅಂದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ, ಗಣಿತ, ಮೆಟಬಾಲಿಸಂ ಎಲ್ಲದರಲ್ಲೂ, ಮೊದಲ ಸೆಮಿಸ್ಟರಿನಿಂದ ಕೊನೆಯ ಸೆಮಿಸ್ಟರಿನವರೆಗೆ, ಒಂದು ಸಲವೂ ಕಾಲು ಜಾರಬಾರದು. ಪಂದ್ಯದಲ್ಲಾದರೆ ಒಂದು ಸೆಟ್ ಸೋತು ಮೂರು ಗೆಲ್ಲಬಹುದು. ಈ ಲೆಕ್ಕದಲ್ಲಿ ಅದಕ್ಕೆ ಅವಕಾಶವಿಲ್ಲ.

ಬಯೋಕೆಮಿಸ್ಟ್ರಿಯ ಕಷ್ಟ ಇರುವುದು ಪುಸ್ತಕದಲ್ಲಿ ಎಂದು ಹೊರಗಿನವರು ತಿಳಿಯುತ್ತಾರೆ. ಪುಸ್ತಕವನ್ನು ರೈಲಿನಲ್ಲೂ ಓದಬಹುದು, ವಿಮಾನದಲ್ಲೂ ಓದಬಹುದು. ಕಷ್ಟ ಇರುವುದು ಲ್ಯಾಬಿನಲ್ಲಿ. ನಿಮ್ಮ ಎರಡನೇ ವರ್ಷದಲ್ಲಿ ಮಾಡುವ ಎಂಜಲಿನಲ್ಲಿರುವ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಪ್ರಯೋಗವನ್ನೇ ನೆನೆಸಿಕೊಳ್ಳಿ. ಪಿಷ್ಟದ ದ್ರಾವಣವನ್ನು 37 ಡಿಗ್ರಿಯ ನೀರಿನಲ್ಲಿ ಇಡಬೇಕು, ಕಿಣ್ವ ಸೇರಿಸಬೇಕು, ಪ್ರತಿ ಒಂದೆರಡು ನಿಮಿಷಕ್ಕೆ ಒಂದೊಂದು ತೊಟ್ಟು ತೆಗೆದು ಬಿಳಿ ಟೈಲಿನ ಮೇಲಿನ ಅಯೋಡಿನ್ ಜೊತೆ ಕೂಡಿಸಿ, ನೀಲಿ ಯಾವಾಗ ಮಾಯವಾಗುತ್ತದೆ ಎಂದು ಕಾಯಬೇಕು. ಸೇರಿಸಿದ ಮೇಲೆ ಕಿಣ್ವ ನಿಮಗಾಗಿ ಕಾಯುವುದಿಲ್ಲ. ಅಭ್ಯಾಸಕ್ಕೆ ಹೊತ್ತಾಯಿತು, ಉಳಿದದ್ದು ನಾಳೆ ಮಾಡುತ್ತೇನೆ ಎಂದು ಮುಚ್ಚಿಟ್ಟು ಹೋಗಲು ಬರುವುದಿಲ್ಲ. ಆದ್ದರಿಂದಲೇ ಕ್ರೀಡಾಪಟುಗಳು ಪ್ರಯೋಗಾಲಯವಿರುವ ವಿಷಯಗಳಿಂದ ದೂರ ಸರಿಯುತ್ತಾರೆ, ಅಥವಾ ನಾವೇ ಅವರನ್ನು ದೂರ ಸರಿಸುತ್ತೇವೆ.

ಈಗ ಪವಾನ್ ಅವರ ವಾರವನ್ನು ನೋಡಿ. ಅಲ್ಲಿನ ವಾಲಿಬಾಲ್ ಋತು ಆಗಸ್ಟ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ಅಂದರೆ ಸರಿಯಾಗಿ ಒಂದು ಸೆಮಿಸ್ಟರಿನ ಮೇಲೆ ಮಲಗಿರುತ್ತದೆ. ನೆಬ್ರಾಸ್ಕಾ ಆಗ ಬಿಗ್ 12 ಎಂಬ ಲೀಗಿನಲ್ಲಿತ್ತು. ಪಂದ್ಯಗಳು ಹೆಚ್ಚಾಗಿ ಬುಧವಾರ ಮತ್ತು ಶನಿವಾರ. ಎದುರಾಳಿಗಳು ಕೊಲರಾಡೊದಿಂದ ಟೆಕ್ಸಸ್‌ವರೆಗೆ ಹರಡಿಕೊಂಡಿದ್ದರು. ಲಿಂಕನ್ನಿನಿಂದ ಟೆಕ್ಸಸ್‌ನ ಆಸ್ಟಿನ್‌ಗೆ ಸುಮಾರು 1,300 ಕಿಲೋಮೀಟರ್; ಬೆಂಗಳೂರಿನಿಂದ ನಾಗಪುರಕ್ಕೆ ಇರುವುದಕ್ಕಿಂತಲೂ ಹೆಚ್ಚು. ಬುಧವಾರ ಇಂಥ ಊರಿನಲ್ಲಿ ಆಡಿ ಗುರುವಾರ ಬೆಳಿಗ್ಗೆ ತರಗತಿಯಲ್ಲಿರಬೇಕು. 2006ರಲ್ಲಿ ಆ ತಂಡ 34 ಪಂದ್ಯಗಳನ್ನಾಡಿ ಒಂದೇ ಒಂದನ್ನು ಸೋತಿತು.

ಅದರ ಹಿಂದಿನ ವರ್ಷ, 2005ರ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ, ಅದೇ ತಂಡ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎದುರು ನೇರ ಸೆಟ್‌ಗಳಲ್ಲಿ ಸೋತಿತ್ತು. 2006ರ ಅಂತಿಮ ಹಂತ ನಡೆದದ್ದು ನೆಬ್ರಾಸ್ಕಾದ್ದೇ ಒಮಾಹಾ ನಗರದಲ್ಲಿ, ಹದಿನೇಳು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ. ಎದುರಾಳಿ ಸ್ಟ್ಯಾನ್‌ಫರ್ಡ್. ಆಗಿನ್ನೂ ಅಲ್ಲಿ ಒಂದು ಸೆಟ್ಟಿಗೆ ಮೂವತ್ತು ಪಾಯಿಂಟ್‌ಗಳ ಲೆಕ್ಕ. ಮೊದಲ ಸೆಟ್ ಸ್ಟ್ಯಾನ್‌ಫರ್ಡ್ ಪಾಲಾಯಿತು. ಮುಂದಿನ ಮೂರನ್ನೂ ನೆಬ್ರಾಸ್ಕಾ ಗೆದ್ದಿತು. ಪವಾನ್ ಆ ಅಂತಿಮ ಹಂತದ ಅತ್ಯುತ್ತಮ ಆಟಗಾರ್ತಿ ಎನಿಸಿದರು. ಅಂದು ಅವರ ಜೊತೆ ಆಡಿದ ಜೋರ್ಡನ್ ಲಾರ್ಸನ್ ಮುಂದೆ ಅಮೆರಿಕದ ತಂಡದ ನಾಯಕಿಯಾಗಿ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದರು. ಇವೆಲ್ಲ ನಡೆದದ್ದು ಡಿಸೆಂಬರ್ ನಡುವಿನಲ್ಲಿ; ಆ ದೇಶದ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಗಳು ಬೀಳುವುದೂ ಡಿಸೆಂಬರ್ ನಡುವಿನಲ್ಲೇ. ಈ ಒಂದು ಸಂಗತಿ ನನ್ನನ್ನು ಟ್ರೋಫಿಗಿಂತ ಹೆಚ್ಚು ಕಾಡಿದೆ. 2007ರಲ್ಲಿ ಎಲ್ಲ ಆಟಗಳನ್ನೂ ಸೇರಿಸಿ ವರ್ಷದ ಕಾಲೇಜು ಕ್ರೀಡಾಪಟು ಮಹಿಳೆಗೆ ಕೊಡುವ ಹೋಂಡಾ-ಬ್ರಾಡರಿಕ್ ಕಪ್ ಅವರಿಗೆ ಬಂತು; ಓದು ಮತ್ತು ಆಟ ಎರಡನ್ನೂ ಅಳೆದು ಕೊಡುವ ಅಕಾಡೆಮಿಕ್ ಆಲ್-ಅಮೆರಿಕನ್ ಗೌರವವೂ ಸಂದಿತು.

ಇಷ್ಟು ಹೇಳಿ, ‘ನೋಡಿ ಮಕ್ಕಳೇ, ಮನಸ್ಸಿದ್ದರೆ ಮಾರ್ಗ’ ಎಂದು ಮುಗಿಸಿಬಿಟ್ಟರೆ ನನಗೂ ಸುಲಭ, ನಿಮಗೂ ಬೇಗ ಊಟ. ಆದರೆ ಅದು ಅರ್ಧ ಸತ್ಯವಾಗುತ್ತದೆ. ಅವರ ಮನಸ್ಸು, ಶ್ರಮ, ಬುದ್ಧಿ ಇವು ಅವರವೇ. ಅದರಲ್ಲಿ ಯಾರಿಗೂ ಪಾಲಿಲ್ಲ. ಆದರೆ ಗುರುವಾರ ಬೆಳಿಗ್ಗೆ ಅವರು ತರಗತಿಯಲ್ಲಿರುವಂತೆ ಮಾಡಿದ್ದು, ಬುಧವಾರ ತಪ್ಪಿದ ಲ್ಯಾಬನ್ನು ಇನ್ನೊಂದು ದಿನ ಮಾಡಲು ದಾರಿ ಕೊಟ್ಟಿದ್ದು ಒಂದು ವ್ಯವಸ್ಥೆ. ಅದರ ಕೆಲವು ನಿಯಮಗಳನ್ನು ಹೇಳುತ್ತೇನೆ. ಇವು ಭಾಷಣಗಳಲ್ಲಿ ಬರುವ ಸರಕಲ್ಲ, ಆದರೂ ಕೇಳಿಸಿಕೊಳ್ಳಿ.

ಅಲ್ಲಿನ ಕಾಲೇಜು ಕ್ರೀಡಾಸಂಘದ ಪ್ರಕಾರ ಋತುವಿನಲ್ಲಿ ತರಬೇತುದಾರರು ಒಬ್ಬ ಆಟಗಾರ್ತಿಯ ಸಮಯವನ್ನು ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕಡ್ಡಾಯವಾಗಿ ಕೇಳುವಂತಿಲ್ಲ. ವಾರದಲ್ಲಿ ಒಂದು ದಿನ ರಜೆ ಕೊಡಲೇಬೇಕು. ಪ್ರಯಾಣದ ಹೊತ್ತು ಈ ಲೆಕ್ಕಕ್ಕೆ ಸೇರುವುದಿಲ್ಲ, ತಾವಾಗಿಯೇ ಮಾಡುವ ಅಭ್ಯಾಸವೂ ಸೇರುವುದಿಲ್ಲ, ಆದ್ದರಿಂದ ಗಡಿಯಾರ ನಿಜವಾಗಿ ಇಪ್ಪತ್ತಕ್ಕೆ ನಿಲ್ಲುವುದಿಲ್ಲ ಎಂಬ ದೂರು ಅಲ್ಲಿ ಹಳೆಯದು. ಇನ್ನೊಂದು ನಿಯಮ: ಆಡುವ ಅರ್ಹತೆ ಉಳಿಯಬೇಕಾದರೆ ಎರಡನೇ ವರ್ಷದ ಕೊನೆಗೆ ಪದವಿಯ ಶೇ 40ರಷ್ಟು, ಮೂರನೇ ವರ್ಷದ ಕೊನೆಗೆ ಶೇ 60, ನಾಲ್ಕನೆಯದರ ಕೊನೆಗೆ ಶೇ 80ರಷ್ಟು ಓದು ಮುಗಿದಿರಬೇಕು. ಹಾಜರಾತಿಯ ಪಟ್ಟಿ ನಮ್ಮಲ್ಲಿ ಆಟಗಾರ ಎಷ್ಟು ದಿನ ಕುಳಿತಿದ್ದ ಎಂದು ಕೇಳುತ್ತದೆ. ಈ ನಿಯಮ ಎಷ್ಟು ಓದು ಸಾಗಿದೆ ಎಂದು ಕೇಳುತ್ತದೆ. ಆಟಗಾರ್ತಿಯರಿಗೆ ಓದಿನ ಸಲಹೆಗಾರರಿದ್ದಾರೆ, ಪಾಠ ಹೇಳಿಕೊಡುವವರಿದ್ದಾರೆ, ಪ್ರತಿ ಕಾಲೇಜಿನಲ್ಲೂ ಕ್ರೀಡಾ ಆಡಳಿತದ ಮೇಲೆ ಕಣ್ಣಿಡಲು ಒಬ್ಬ ಅಧ್ಯಾಪಕ ಪ್ರತಿನಿಧಿ ಇರಬೇಕೆಂಬ ಕಟ್ಟಳೆಯಿದೆ.

ಹಾಗೆಂದು ಆ ವ್ಯವಸ್ಥೆಗೆ ಆರತಿ ಎತ್ತುವ ಮನಸ್ಸೂ ನನಗಿಲ್ಲ. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಚೆಂದದ ಮಾತು ಹುಟ್ಟಿದ್ದೇ 1950ರ ದಶಕದಲ್ಲಿ, ಗಾಯಗೊಂಡ ಆಟಗಾರರು ಕೆಲಸಗಾರರಂತೆ ಪರಿಹಾರ ಕೇಳದಿರಲಿ ಎಂಬ ವಕೀಲಿ ಮುನ್ನೆಚ್ಚರಿಕೆಯಿಂದ. ಆ ಸಂಘವನ್ನು ದಶಕಗಳ ಕಾಲ ನಡೆಸಿದ ವಾಲ್ಟರ್ ಬೈಯರ್ಸ್ ಅವರೇ ಆಮೇಲೆ ಇದನ್ನು ಬರೆದುಕೊಂಡಿದ್ದಾರೆ. ಓದಿನ ಸಲಹೆಗಾರರು ಇದ್ದ ಮಾತ್ರಕ್ಕೆ ಓದು ಆಗಿಬಿಡುತ್ತದೆ ಎಂದೂ ಇಲ್ಲ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಹದಿನೆಂಟು ವರ್ಷ ಕಾಲ ಪಾಠವೇ ನಡೆಯದ, ಒಂದು ಪ್ರಬಂಧ ಬರೆದುಕೊಟ್ಟರೆ ಒಳ್ಳೆಯ ಶ್ರೇಣಿ ಸಿಗುವ ಕಾಗದದ ತರಗತಿಗಳು ನಡೆದವೆಂದು 2014ರ ತನಿಖಾ ವರದಿ ಬಯಲು ಮಾಡಿತು. ಅದರ ಲಾಭ ಪಡೆದವರು ಸುಮಾರು 3,100 ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ಆಟಗಾರರನ್ನು ಸುಲಭದ ವಿಷಯಗಳತ್ತ ದಬ್ಬುವುದು ಅಲ್ಲಿನ ಹಲವು ಕಾಲೇಜುಗಳ ಮೇಲಿರುವ ಆರೋಪ. ಪವಾನ್ ಅವರ ನಾಲ್ಕಕ್ಕೆ ನಾಲ್ಕಕ್ಕೆ ಬೆಲೆ ಬರುವುದು ಇಲ್ಲಿ: ಅದು ಬಯೋಕೆಮಿಸ್ಟ್ರಿಯ ನಾಲ್ಕು. ಆ ವಿಷಯಕ್ಕೆ ಕಾಗದದ ತರಗತಿ ಇರಲು ಸಾಧ್ಯವಿಲ್ಲ. ಪಿಪೆಟ್ ಹಿಡಿಯಲೇಬೇಕು.

ಈ ಹೊತ್ತಿಗೆ ನಿಮ್ಮಲ್ಲಿ ಹಿರಿಯರಿಗೆ ಇನ್ನೊಂದು ಹೆಸರು ನೆನಪಾಗಿರಬೇಕು. ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋದರೆ ಇರಿಟ್ಟಿ ಸಿಗುತ್ತದೆ, ಅದರಾಚೆ ಪೇರಾವೂರ್. ಜಿಮ್ಮಿ ಜಾರ್ಜ್ 1955ರಲ್ಲಿ ಹುಟ್ಟಿದ್ದು ಅಲ್ಲಿ. ಎಂಟು ಮಂದಿ ಅಣ್ಣತಮ್ಮಂದಿರೂ ವಾಲಿಬಾಲ್ ಆಡುತ್ತಿದ್ದ ಮನೆ. ಅವರೇ ಒಂದು ತಂಡವಾಗಿ ಅಂಕಣಕ್ಕಿಳಿದದ್ದೂ ಉಂಟು. ಅವರ ತಮ್ಮ ಬಾಬಿ ಜಾರ್ಜ್ ಮತ್ತು ಬಾಬಿಯವರ ಪತ್ನಿ, ಉದ್ದಜಿಗಿತದ ಅಂಜು ಬಾಬಿ ಜಾರ್ಜ್, ಈಗ ಬೆಂಗಳೂರಿನಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಿದ್ದಾರೆ. ಜಿಮ್ಮಿ ಓದಿನಲ್ಲೂ ಮುಂದಿದ್ದವರು. ಅವರು ಎಂ.ಬಿ.ಬಿ.ಎಸ್.ಗೆ ಸೇರಿದ್ದರು ಎಂಬುದು ಇಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇರಳ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತ, 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ದೇಶಕ್ಕೆ ಆಡುತ್ತ, ಮೆಡಿಕಲ್ ಓದುತ್ತ ಇದ್ದವರು 1976ರಲ್ಲಿ ಓದನ್ನು ಬಿಟ್ಟು ಕೇರಳ ಪೊಲೀಸ್ ಸೇರಿದರು. ಅದೇ ವರ್ಷ, ಇಪ್ಪತ್ತೊಂದನೇ ವಯಸ್ಸಿಗೆ ಅರ್ಜುನ ಪ್ರಶಸ್ತಿ ಬಂತು. ಮುಂದೆ ಅಬುಧಾಬಿ, ಇಟಲಿಯ ಕ್ಲಬ್‌ಗಳು, 1986ರ ಸಿಯೋಲ್ ಏಷ್ಯನ್ ಕ್ರೀಡಾಕೂಟದ ಕಂಚು. 1987ರ ನವೆಂಬರ್ 30ರಂದು ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು ವರ್ಷ.

ಅವರು ಮೆಡಿಕಲ್ ಬಿಟ್ಟದ್ದು ತಪ್ಪೆಂದು ಹೇಳಲು ನಾನ್ಯಾರು? ವೈದ್ಯರಾಗಿದ್ದರೆ ದೇಶಕ್ಕೆ ಆ ಸ್ಮ್ಯಾಶ್ ಸಿಗುತ್ತಿರಲಿಲ್ಲ. ಆದರೆ ನಮ್ಮ ನೆಲದಲ್ಲಿ ಅಂಥ ಕಾಲುಗಳೂ ಅಂಥ ತಲೆಯೂ ಒಂದೇ ಹುಡುಗನಿಗೆ ಒದಗಿ ಬಂದಾಗ ಅವನೆದುರು ‘ಇದೋ ಅದೋ’ ಎಂಬ ಎರಡೇ ಬಾಗಿಲುಗಳಿದ್ದವು. ಐವತ್ತು ವರ್ಷ ಕಳೆದಿದೆ. ಬೆಳಿಗ್ಗೆ ಕಂಡ ಎರಡು ಹಾಳೆಗಳನ್ನು ನೋಡಿದರೆ ಬಾಗಿಲುಗಳು ಇನ್ನೂ ಎರಡೇ.

ನಮ್ಮಲ್ಲೂ ಸವಲತ್ತುಗಳಿವೆ ಎನ್ನುತ್ತೀರಿ. ಇವೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಆಡಲು ಹೋದವರಿಗೆ ಓ.ಡಿ. ಲೆಟರ್ (ಆನ್ ಡ್ಯೂಟಿ ಪತ್ರ) ಇದೆ. ಕೋಟಾ ಬಾಗಿಲಿನ ಒಳಗೆ ಬಿಡುತ್ತದೆ. ಒಳಗೆ ಬಂದ ಮೇಲೆ ಏನು ಎಂದು ಹೇಳುವುದಿಲ್ಲ. ಓ.ಡಿ. ಲೆಟರ್ ಹಾಜರಾತಿಯ ಖಾಲಿ ಚೌಕವನ್ನು ತುಂಬುತ್ತದೆ; ತಪ್ಪಿದ ಪಾಠವನ್ನು ತುಂಬುವುದಿಲ್ಲ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಆ ಮಾತನ್ನು ವೇದಿಕೆಯ ಮೇಲೆ ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ಬಹಳ ವರ್ಷಗಳ ಹಿಂದೆ, ಬೇರೆ ಊರಿನಲ್ಲಿ, ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ವಾಲಿಬಾಲ್‌ಗೆ ಹೋಗಿ, ಹನ್ನೊಂದು ದಿನ ಬಿಟ್ಟು, ಸ್ಲೀಪರ್ ಬೋಗಿಯಲ್ಲಿ ರಾತ್ರಿಯಿಡೀ ಬಂದು, ಸ್ಟೇಷನ್ನಿನಿಂದ ನೇರವಾಗಿ ಲ್ಯಾಬಿಗೆ ಬಂದಿದ್ದಳು. ಕಿಟ್ ಬ್ಯಾಗ್ ಇನ್ನೂ ಹೆಗಲಿನಲ್ಲಿತ್ತು. ಅವಳು ತಪ್ಪಿಸಿಕೊಂಡದ್ದು ಇದೇ ಅಮೈಲೇಸ್ ಪ್ರಯೋಗಗಳ ಸಾಲು, ನಾಲ್ಕು ಪ್ರಾಕ್ಟಿಕಲ್. ‘ಸರ್, ಓ.ಡಿ. ಇದೆ, ಯಾವಾಗ ಮಾಡಲಿ?’ ಎಂದು ಕೇಳಿದಳು. ಓ.ಡಿ. ಇದ್ದರೆ ಹಾಜರಾತಿ ಹಾಕುತ್ತೇನೆ, ಪ್ರಯೋಗ ಮುಗಿದುಹೋಗಿದೆ, ಸ್ನೇಹಿತರ ರೆಕಾರ್ಡ್ ನೋಡಿ ಬರೆದುಕೋ ಅಂದೆ. ಅವಳು ಹಾಗೆ ಬರೆಯಲಿಲ್ಲ. ಆ ನಾಲ್ಕು ಪುಟಗಳನ್ನು ಖಾಲಿ ಬಿಟ್ಟೇ ರೆಕಾರ್ಡ್ ಸಹಿಗೆ ತಂದಳು, ‘ಮಾಡದೇ ಇರುವುದನ್ನು ಹೇಗೆ ಬರೆಯಲಿ ಸರ್’ ಎಂದಳು. ನನಗೆ ಸಿಟ್ಟು ಬಂತು. ನಾನು ಇಂಟರ್ನಲ್ಸ್ ಅಂಕ ಕತ್ತರಿಸಿದೆ. ಮುಂದಿನ ಸೆಮಿಸ್ಟರಿಗೆ ಅವಳು ತಂಡದ ಆಯ್ಕೆಗೆ ಹೋಗಲಿಲ್ಲ. ಇಡೀ ವ್ಯವಹಾರದಲ್ಲಿ ವಿಜ್ಞಾನಕ್ಕೆ ಪ್ರಾಮಾಣಿಕವಾಗಿದ್ದವಳು ಅವಳೊಬ್ಬಳೇ ಎಂಬುದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ನೆಬ್ರಾಸ್ಕಾದ ಹುಡುಗಿಯ ನಾಲ್ಕಕ್ಕೆ ನಾಲ್ಕು ಓದಿದಾಗ ಮೊದಲು ಅನುಮಾನಪಟ್ಟೆ ಎಂದೆನಲ್ಲ, ಆಮೇಲೆ ನೆನಪಾದದ್ದು ಆ ನಾಲ್ಕು ಖಾಲಿ ಪುಟಗಳು.

ಪವಾನ್ ಅವರ ಕಥೆ ಪದವಿಯ ಜೊತೆಗೆ ಮುಗಿಯಲಿಲ್ಲ. ಬಯೋಕೆಮಿಸ್ಟ್ರಿಯನ್ನು ಅವರು ವೃತ್ತಿ ಮಾಡಿಕೊಳ್ಳಲಿಲ್ಲ. ಇಟಲಿ, ಕೊರಿಯಾ, ಬ್ರೆಜಿಲ್‌ನ ಕ್ಲಬ್‌ಗಳಿಗೆ ಆಡಿದರು. ಆಮೇಲೆ ಆರು ಮಂದಿಯ ಆಟದಿಂದ ಇಬ್ಬರ ಆಟಕ್ಕೆ, ಮರದ ನೆಲದಿಂದ ಮರಳಿಗೆ ಇಳಿದರು. ಬೀಚ್ ವಾಲಿಬಾಲ್‌ನಲ್ಲಿ ಬಲತುದಿಯಲ್ಲಿ ನಿಂತು ಹೊಡೆಯುತ್ತೇನೆ ಎಂದರೆ ನಡೆಯುವುದಿಲ್ಲ. ಚೆಂಡು ತಡೆಯಬೇಕು, ಎತ್ತಬೇಕು, ಹೊಡೆಯಬೇಕು, ಎಲ್ಲವೂ ಇಬ್ಬರದೇ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹೆದರ್ ಬ್ಯಾನ್ಸ್‌ಲಿ ಜೊತೆ ಕ್ವಾರ್ಟರ್ ಫೈನಲ್ ತಲುಪಿ, ಆ ಸಲ ಚಿನ್ನ ಗೆದ್ದ ಜರ್ಮನ್ ಜೋಡಿಗೆ ಸೋತರು. ಮೆಲಿಸಾ ಹ್ಯೂಮನಾ-ಪರೆಡೆಸ್ ಜೊತೆಗೂಡಿ 2018ರ ಕಾಮನ್‌ವೆಲ್ತ್ ಚಿನ್ನ ಗೆದ್ದರು. 2019ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆ ಅಂತಿಮ ಪಂದ್ಯದ ಎರಡೂ ಸೆಟ್‌ಗಳು 23-21. ಕೆನಡಾಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಟೋಕಿಯೊದಲ್ಲಿ ಮತ್ತೆ ಕ್ವಾರ್ಟರ್ ಫೈನಲ್ಲಿನಲ್ಲೇ ನಿಂತರು.

ಹಾಗಾದರೆ ಬಯೋಕೆಮಿಸ್ಟ್ರಿ ಓದಿದ್ದು ವ್ಯರ್ಥವಾಯಿತೇ ಎಂದು ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ನಮ್ಮ ದೇಶದ ಪ್ರಶ್ನೆ ಅದು. ಓದಿದ್ದು ಕೆಲಸಕ್ಕೆ ಬರಬೇಕು, ಇಲ್ಲದಿದ್ದರೆ ಯಾಕೆ ಓದಬೇಕು. ನಾನು ಅವನಿಗೆ ಉತ್ತರ ಕೊಡಲಿಲ್ಲ, ಅಂದಿನ ಪಾಠಕ್ಕೆ ಹೋದೆ. ಪಾಠ ಕ್ರಿಯಾಟಿನ್ ಫಾಸ್ಫೇಟ್ ಕುರಿತದ್ದು. ಸ್ಮ್ಯಾಶ್‌ಗೆ ನೆಗೆಯುವಾಗ ಸ್ನಾಯು ಖರ್ಚು ಮಾಡುವ ಎಟಿಪಿ ಎಂಬ ಇಂಧನವನ್ನು ತಕ್ಷಣ ಮರುಭರ್ತಿ ಮಾಡುವ ಸಂಗ್ರಹ ಅದು. ಕೆಲವೇ ಸೆಕೆಂಡುಗಳಷ್ಟು ಬಾಳುತ್ತದೆ, ಆಮೇಲೆ ಬಿಡುವು ಸಿಕ್ಕರೆ ಅರ್ಧ ನಿಮಿಷದಲ್ಲಿ ಸುಮಾರು ಅರ್ಧದಷ್ಟು ಮತ್ತೆ ತುಂಬಿಕೊಳ್ಳುತ್ತದೆ. ಒಂದು ರ‍್ಯಾಲಿಗೂ ಇನ್ನೊಂದಕ್ಕೂ ನಡುವೆ, ಸರ್ವಿಸ್ ಮಾಡುವವರು ಚೆಂಡನ್ನು ನೆಲಕ್ಕೆ ಬಡಿಯುತ್ತ ನಿಂತಿರುವ ಹೊತ್ತಿನಲ್ಲಿ, ತೊಡೆಯೊಳಗೆ ಆಗುತ್ತಿರುವುದು ಇದೇ. ಕೊನೆಯ ಬೆಂಚಿನಲ್ಲಿ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದ ನಮ್ಮ ತಂಡದ ಬ್ಲಾಕರ್ ಒಬ್ಬಳು ಆ ವರ್ಷ ಮೊದಲ ಸಲ ತಲೆಯೆತ್ತಿದಳು. ‘ಅದಕ್ಕೇನಾ ಸರ್ ಐದನೇ ಸೆಟ್ಟಲ್ಲಿ ನೆಗೆಯೋಕೇ ಆಗಲ್ಲ?’ ಎಂದು ಕೇಳಿದಳು. ಐದನೇ ಸೆಟ್ಟಿಗೆ ಕಾರಣಗಳು ಬೇರೆಯೂ ಇವೆ, ಅದನ್ನು ಹೇಳಲು ಮುಂದಿನ ಮೂರು ಪಾಠಗಳು ಹಿಡಿದವು. ಅವಳು ಮೂರಕ್ಕೂ ಬಂದಳು.

ನಿವೃತ್ತಿಗೆ ಎರಡು ವರ್ಷ ಮುಂಚೆ ನಮ್ಮ ವಿಭಾಗದಲ್ಲಿ ಒಂದು ಸಣ್ಣ ಏರ್ಪಾಡು ಮಾಡಿಕೊಂಡೆವು. ಆಡಲು ಹೋಗಿ ತಪ್ಪಿಸಿಕೊಂಡವರಿಗೆ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ರಿಪೀಟ್ ಬ್ಯಾಚ್. ಸುತ್ತೋಲೆ ಇಲ್ಲ, ಅನುದಾನ ಇಲ್ಲ. ಲ್ಯಾಬಿನ ಬೀಗದ ಕೈ ಒಂದು ದಿನ ಹೆಚ್ಚು ಹೊತ್ತು ನನ್ನ ಜೇಬಿನಲ್ಲಿರುತ್ತಿತ್ತು, ಅಟೆಂಡರ್ ಒಬ್ಬರು ದೊಡ್ಡ ಮನಸ್ಸಿನಿಂದ ಇರುತ್ತಿದ್ದರು. ಕೆಲವು ಶನಿವಾರ ಯಾರೂ ಬರುತ್ತಿರಲಿಲ್ಲ. ಒಂದು ಶನಿವಾರ ಆ ಬ್ಲಾಕರ್ ಬಂದಳು. ನಿಂಬೆರಸದ ವಿಟಮಿನ್ ಸಿ ಅಳೆಯುವ ಪ್ರಯೋಗ; ಬ್ಯೂರೆಟ್ಟಿನಲ್ಲ‍ಿ ನೀಲಿ ಬಣ್ಣದ ದ್ರಾವಣ, ಕೆಳಗೆ ಫ್ಲಾಸ್ಕಿನಲ್ಲಿ ರಸ. ನೀಲಿ ಬಿದ್ದಂತೆಲ್ಲ ಬಣ್ಣ ಕಳೆದುಕೊಳ್ಳುತ್ತದೆ. ವಿಟಮಿನ್ ಮುಗಿದ ಕೂಡಲೇ ತಿಳಿ ಗುಲಾಬಿ ನಿಲ್ಲುತ್ತದೆ. ನಮ್ಮ ಲ್ಯಾಬಿನಲ್ಲಿ ಸ್ಟ್ಯಾಂಡುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿವೆ, ಎಡಗೈಯಲ್ಲಿ ಬ್ಯೂರೆಟ್ ತಿರುವಿ ಬಲಗೈಯಲ್ಲಿ ಫ್ಲಾಸ್ಕ್ ಕುಲುಕುವವರಿಗೆ ಅನುಕೂಲವಾಗುವಂತೆ. ಅವಳು ಎರಡು ಸಲ ಪ್ರಯತ್ನಿಸಿದಳು, ಎರಡು ಸಲವೂ ನೀಲಿ ಹೆಚ್ಚಾಗಿ ಸುರಿಯಿತು. ಆಮೇಲೆ ಏನನ್ನೂ ಕೇಳದೆ ಸ್ಟ್ಯಾಂಡನ್ನು ಅರ್ಧ ಸುತ್ತು ತಿರುಗಿಸಿಟ್ಟುಕೊಂಡು, ಬಲಗೈಯಿಂದ ಬ್ಯೂರೆಟ್ ಹಿಡಿದು ಎಡಗೈಯಿಂದ ಫ್ಲಾಸ್ಕ್ ಕುಲುಕತೊಡಗಿದಳು. ಅವಳು ಎಡಚಳೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಗುಲಾಬಿ ಬಂತು, ಹದಿನೈದು ಸೆಕೆಂಡು ನಿಂತಿತು. ಅವಳು ರೀಡಿಂಗ್ ಬರೆದುಕೊಂಡು, ಬೆಂಚಿನ ಮೇಲಿದ್ದ ನೀಕ್ಯಾಪ್ ಎತ್ತಿಕೊಂಡು, ನಾಲ್ಕೂವರೆಯ ಅಭ್ಯಾಸಕ್ಕೆ ಓಡಿದಳು. ಸ್ಟ್ಯಾಂಡನ್ನು ಮೊದಲಿನಂತೆ ತಿರುಗಿಸಿಡಲು ಅಟೆಂಡರ್ ಹೊರಟರು. ಇರಲಿ ಬಿಡಿ, ಮುಂದಿನ ಶನಿವಾರವೂ ಬರುತ್ತಾಳೆ ಅಂದೆ.